ಹಗಲು ಹಿಂದೆ ಸರಿಯಿರಿ, ಇರುಳಿಗೆ ಎರಗಿರಿ: ಬಂಡುಕೋರರ ದಂಡು ನಡೆಸುವವರ ಪ್ರಶ್ನೆಗಳಿಗೆ ಉತ್ತರ

ಡೇವಿಡ್ ವೈಟ್ 2003ರಲ್ಲಿ ಆರಂಭಿಸಿದ ‘ಬ್ಯಾಟಲ್ ಫಾರ್ ವೆಸ್ನೋತ್’ ಎಂಬ ಕಂಪ್ಯೂಟರ್ ಆಟದ ಬಗ್ಗೆ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಅದರಲ್ಲೂ ಎಲ್ಲರೂ ಕೇಳಿರುವುದು ‘ಲಿಬರ್ಟಿ’ ಎಂಬ ಕಥಾಭಿಯಾನವನ್ನು ಕುರಿತು. ರಾಣಿ ಆಶೆವಿಯೆರ್‌ಳ ದಬ್ಬಾಳಿಕೆಗೆ ತಿರುಗಿಬಿದ್ದ ಗಡಿನಾಡಿನ ಹಳ್ಳಿಗರಿಗೆ ಬಾಲ್ಡ್ರಾಸ್ ನಾಯಕ. ಆಡುವವರು ನಡೆಸಬೇಕಾದ್ದು ಅವನ ದಂಡನ್ನು.

ಪ್ರಶ್ನೆ: ನನ್ನ ದಂಡಿನಲ್ಲಿ ಕಳ್ಳರು, ಕವಣೆಯವರು, ಬಿಲ್ಲುಗಾರರು ಎಲ್ಲರೂ ಇದ್ದಾರೆ. ಆದರೆ ಬಯಲಿನಲ್ಲಿ ರಾಣಿಯ ಸೈನ್ಯ ಎದುರಾದರೆ ಎರಡು ಸರದಿಯಲ್ಲಿ ಅರ್ಧ ಜನ ಸಾಯುತ್ತಾರೆ. ಇನ್ನಷ್ಟು ಜನರನ್ನು ಸೇರಿಸಿಕೊಂಡರೂ ಅದೇ ಗತಿ. ಎಲ್ಲಿ ತಪ್ಪುತ್ತಿದ್ದೇನೆ?
– ಪದವಿ ವಿದ್ಯಾರ್ಥಿ, ಮಂಡ್ಯ

ಉತ್ತರ: ನೀವು ಹಗಲಿನಲ್ಲಿ ಕಾದಾಡುತ್ತಿದ್ದೀರಿ. ಈ ಆಟದಲ್ಲಿ ಒಂದು ದಿನಕ್ಕೆ ಆರು ಸರದಿ: ಮುಂಜಾವು, ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಮೊದಲ ಜಾವ, ಎರಡನೇ ಜಾವ. ನಿಮ್ಮ ಜನರ ಏಟಿನ ಬಲ ರಾತ್ರಿಯ ಎರಡು ಸರದಿಗಳಲ್ಲಿ ಶೇ 25ರಷ್ಟು ಏರುತ್ತದೆ, ಹಗಲಿನ ಎರಡರಲ್ಲಿ ಅಷ್ಟೇ ಇಳಿಯುತ್ತದೆ. ರಾಣಿಯ ಸೈನಿಕರದು ಇದಕ್ಕೆ ತದ್ವಿರುದ್ಧ. ಸಂಖ್ಯೆ ಹೆಚ್ಚಿಸಿ ಈ ಅಂತರ ತುಂಬಲು ಹೊರಟರೆ ಹೆಣದ ರಾಶಿ ದೊಡ್ಡದಾಗುತ್ತದೆ, ಅಷ್ಟೇ.

ಒಬ್ಬ ಥೀಫ್‌ನ (ಕಳ್ಳನ) ಚಾಕುವನ್ನೇ ತೆಗೆದುಕೊಳ್ಳಿ. ಅವನದು ಏಟಿಗೆ 4ರಂತೆ ಮೂರು ಏಟು. ಮಧ್ಯಾಹ್ನ ಎದುರಿನಿಂದ ಹೋದರೆ ಏಟಿಗೆ 3 ಮಾತ್ರ. ಮೂರೂ ತಗುಲಿದರೆ 9. ಅದೇ ಥೀಫ್ ರಾತ್ರಿ ಎರಗಲಿ, ಶತ್ರುವಿನ ಆಚೆ ಬದಿಯ ಮನೆಯಲ್ಲಿ (ಆಟದ ನಕ್ಷೆಯ ಅಂಕಣದಲ್ಲಿ) ನಿಮ್ಮವನೇ ಇನ್ನೊಬ್ಬ ನಿಂತಿರಲಿ. ಆಗ ‘ಬ್ಯಾಕ್‌ಸ್ಟ್ಯಾಬ್’ (ಬೆನ್ನಿಗಿರಿತ) ಗುಣದಿಂದ ಏಟು ಇಮ್ಮಡಿಯಾಗಿ, ಅದರ ಮೇಲೆ ರಾತ್ರಿಯ ಬಲವೂ ಸೇರಿ ಏಟಿಗೆ 10, ಒಟ್ಟು 30. ಸಾಧಾರಣ ಸ್ಪಿಯರ್‌ಮನ್‌ನ (ರಾಣಿಯ ಕಡೆಯ ಈಟಿಗಾರನ) ಹಿಟ್ ಪಾಯಿಂಟ್, ಅಂದರೆ ಜೀವಬಲ, 36. ವ್ಯತ್ಯಾಸ ಎಷ್ಟೆಂದು ನೀವೇ ನೋಡಿ.

ಆ 36ರಲ್ಲಿ ಉಳಿಯುವ 6ನ್ನು ಕಳೆಯುವವರು ಯಾರು? ಸ್ಪಿಯರ್‌ಮನ್ ಹತ್ತಿರದ ಕಾಳಗದಲ್ಲಿ ಅಪಾಯಕಾರಿ. ನೀವೇ ಮೇಲೆರಗಿದರೂ ಮೊದಲ ತಿವಿತ ಅವನದು. ದೂರದಿಂದ ಹೊಡೆದರೆ ಮಾತ್ರ ಅವನು ಒಂದೇ ಒಂದು ಭರ್ಜಿ ಎಸೆಯಬಲ್ಲ. ಆದ್ದರಿಂದ ಮೊದಲು ಪೋಚರ್ ಬಾಣ ಬಿಡಲಿ, ಫುಟ್‌ಪ್ಯಾಡ್ ಕವಣೆ ಬೀಸಲಿ. ಥೀಫ್ ಕೊನೆಗೆ ಬರಲಿ. ಈ ಕ್ರಮವನ್ನು ತಲೆಕೆಳಗು ಮಾಡುವವರೇ ಹೆಚ್ಚು. ಮೊದಲೇ ನುಗ್ಗಿದ ಥೀಫ್ ಸತ್ತ ಮೇಲೆ ಬಾಣ ಬಿಟ್ಟು ಏನು ಪ್ರಯೋಜನ?

ಇನ್ನು, ಶತ್ರುವಿನ ಬೆನ್ನ ಹಿಂದಕ್ಕೆ ಹೋಗುವುದು ಹೇಗೆ? ಅವನ ಸುತ್ತಲಿನ ಆರೂ ಮನೆಗಳು ಅವನ ಹಿಡಿತದಲ್ಲಿರುತ್ತವೆ, ಕಾಲಿಟ್ಟವರ ನಡಿಗೆ ಅಲ್ಲೇ ನಿಲ್ಲುತ್ತದೆ. ಸುತ್ತಿಬಳಸಿ ಹೋಗಲು ಏಳು ಹೆಜ್ಜೆಯ ಫುಟ್‌ಪ್ಯಾಡ್ ಇದ್ದಾನೆ, ನಿಜ. ಆದರೆ ಅದಕ್ಕಿಂತ ಸುಲಭದ ದಾರಿ, ಅವನೇ ನಿಮ್ಮ ನಡುವೆ ಬರುವಂತೆ ಮಾಡುವುದು. ಕಂಪ್ಯೂಟರ್ ನಡೆಸುವ ಸೈನ್ಯಕ್ಕೆ ತಾಳ್ಮೆ ಕಡಿಮೆ. ಹಗಲಿಡೀ ನೀವು ಕಾಡಿನ ಕಡೆಗೆ ಹಿಂದೆ ಸರಿದರೆ ಅದು ಬೆನ್ನಟ್ಟಿ ಬರುತ್ತದೆ, ಸಾಲು ಮುರಿದುಕೊಂಡು, ಒಬ್ಬೊಬ್ಬರಾಗಿ. ಮುಸ್ಸಂಜೆಗೆ ಎರಡೂ ಕಡೆ ಮುಖಾಮುಖಿಯಾಗುವ ಹಾಗೆ ಹೆಜ್ಜೆ ಎಣಿಸಿಕೊಳ್ಳಿ. ನಮ್ಮ ಕಡೆ ಜಗಲಿಕಲ್ಲಿನ ಮೇಲೆ ಆಡುವ ಆಡು-ಹುಲಿ ಆಟದಲ್ಲಿ ಹುಲಿಯನ್ನು ಮುಂದಕ್ಕೆ ಬಿಟ್ಟುಕೊಂಡು ದಾರಿ ಮುಚ್ಚುವುದಿಲ್ಲವೇ, ಇಲ್ಲಿಯೂ ಹಾಗೆಯೇ. ಎರಡನೇ ಜಾವ ಬಂತೆಂದರೆ ಗಾಯಾಳುಗಳನ್ನು ಹಿಂದಕ್ಕೆ ಕಳುಹಿಸಿ. ಗೆಲುವು ಕೈಗೆಟುಕುವಂತೆ ಕಂಡರೂ ಬೆಳಕು ಹರಿಯುವವರೆಗೆ ನಿಲ್ಲಬೇಡಿ.

ಪ್ರಶ್ನೆ: ಹಿಂದಿನ ಕಾಳಗಗಳಲ್ಲಿ ಉಳಿದ ಹಳಬರನ್ನು ಮತ್ತೆ ಕರೆಸಿಕೊಂಡರೆ ಹೊನ್ನು ಬೇಗ ಖರ್ಚಾಗುತ್ತದೆ, ಹೊಸಬರನ್ನು ಸೇರಿಸಿದರೆ ಬೇಗ ಸಾಯುತ್ತಾರೆ. ಯಾವುದು ಮೇಲು?
– ಓದುಗರು, ಮದ್ದೂರು

ಉತ್ತರ: ಹಳಬರೇ ಮೇಲು. ಆದರೆ ಅವರನ್ನು ಸಾಕಲು ಹಳ್ಳಿಗಳು ಬೇಕು. ಕರೆಸಿಕೊಳ್ಳುವ ಬೆಲೆ ಸಾಮಾನ್ಯವಾಗಿ 20 ಹೊನ್ನು, ಆಳು ಮೊದಲ ಲೆವೆಲ್‌ನವನಿರಲಿ, ಮೂರನೆಯದರವನಿರಲಿ. ಪ್ರತಿ ಸರದಿಗೆ ತಗುಲುವ ಪೋಷಣೆ ಮಾತ್ರ ಅವನ ಲೆವೆಲ್‌ನಷ್ಟು, ಮತ್ತು ನಿಮ್ಮ ಕೈಲಿರುವ ಒಂದೊಂದು ಹಳ್ಳಿ ಒಂದೊಂದು ಲೆವೆಲ್‌ನ ಭಾರ ಹೊರುತ್ತದೆ. ಎರಡನೇ ಲೆವೆಲ್‌ನ ಇಬ್ಬರು, ಮೊದಲನೆಯದರ ನಾಲ್ವರು ಇದ್ದರೆ ಪೋಷಣೆ 8. ಐದು ಹಳ್ಳಿ ಇದ್ದರೆ ನಿಮ್ಮ ಕೈಯಿಂದ ಹೋಗುವುದು 3. ಮೂರು ಹಳ್ಳಿ ಕಳೆದುಕೊಂಡರೆ ಅದು 6ಕ್ಕೆ ಏರುತ್ತದೆ, ಆ ಹಳ್ಳಿಗಳ ಆದಾಯವೂ ತಪ್ಪುತ್ತದೆ. ಶತ್ರುವಿಗೂ ಇದೇ ಲೆಕ್ಕ. ಹಾಗಾಗಿ ಒಬ್ಬ ಫುಟ್‌ಪ್ಯಾಡ್‌ನನ್ನು ಕಾಳಗದಿಂದ ಹೊರಗಿಟ್ಟು ಅವರ ಹಿಂಬದಿಯ ಹಳ್ಳಿಗಳ ಮೇಲೆ ಬಿಡಿ.

ನಿಮ್ಮ ಜಿಲ್ಲೆಯ ಅರಕೆರೆಯ ಬಳಿ ನಡೆದದ್ದನ್ನು ನೆನಪಿಸಿಕೊಳ್ಳಿ. 1791ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಅಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಶ್ರೀರಂಗಪಟ್ಟಣ ಕಣ್ಣೆದುರಿಗಿತ್ತು. ಆದರೆ ಧಾನ್ಯವಿಲ್ಲ, ಮೇವಿಲ್ಲ, ಎತ್ತುಗಳು ಸತ್ತುಬಿದ್ದಿದ್ದವು. ಎಳೆಯಲಾಗದ ಭಾರಿ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಗೆದ್ದ ಸೈನ್ಯವೂ ಹಸಿದರೆ ನಿಲ್ಲಲಾರದು. ನಿಮ್ಮಂಥ ಸಣ್ಣ ದಂಡಿಗೆ ಇದಕ್ಕಿಂತ ದೊಡ್ಡ ಆಯುಧ ಇಲ್ಲ.

ಇನ್ನೊಂದು ಮಾತು. ಮೊದಲ ಲೆವೆಲ್‌ನ ಶತ್ರುವನ್ನು ಕೊಂದವನಿಗೆ 8 ಅನುಭವಾಂಕ, ಬರೀ ಕಾದಾಡಿದವನಿಗೆ 1. ಕೊನೆಯ ಏಟನ್ನು ಯಾರಿಗೆ ಬಿಡಬೇಕೆಂದು ಮೊದಲೇ ನಿರ್ಧರಿಸಿ. ಲೆವೆಲ್ ಏರಿದವನ ಗಾಯವೆಲ್ಲ ಆ ಕ್ಷಣವೇ ಮಾಯುತ್ತದೆ.

ಪ್ರಶ್ನೆ: ಮೂರಕ್ಕೆ ಮೂರೂ ಏಟು ತಪ್ಪುತ್ತವೆ. ಕಂಪ್ಯೂಟರ್ ಮೋಸ ಮಾಡುತ್ತದೆಯೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಇಲ್ಲ. ಹಳ್ಳಿಯ ಮನೆಯಲ್ಲಿ ನಿಂತ ಸ್ಪಿಯರ್‌ಮನ್‌ಗೆ ಶೇ 60 ರಕ್ಷಣೆ, ಅಂದರೆ ಒಂದೊಂದು ಏಟೂ ತಪ್ಪುವ ಸಾಧ್ಯತೆ ಶೇ 60. ಮೂರೂ ಏಟು ತಪ್ಪುವ ಸಾಧ್ಯತೆ ಶೇ 21.6, ಅಂದರೆ ಐದು ಸಲಕ್ಕೆ ಒಮ್ಮೆಗಿಂತ ಹೆಚ್ಚು. ಅವನೇ ಹುಲ್ಲುಗಾವಲಿಗೆ ಬಂದರೆ ಅದು ಶೇ 6.4ಕ್ಕೆ ಇಳಿಯುತ್ತದೆ. ಅವನನ್ನು ಹೊರಗೆಳೆಯಿರಿ.

ಪ್ರಶ್ನೆ: ನನ್ನ ಮಗ ಹತ್ತನೇ ತರಗತಿ. ಕಳ್ಳರ ಗುಂಪಿಗೆ ನಾಯಕನಾಗುವ ಆಟವಂತೆ. ಬಿಡಿಸಬೇಕೇ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮಾ, ನಿಮ್ಮ ಆತಂಕ ಸಹಜ. ಆದರೆ ಹೆಸರು ಕೇಳಿ ಗಾಬರಿಯಾಗಬೇಡಿ. ಇಲ್ಲಿನ ಬಂಡುಕೋರರು ತಮ್ಮ ಹಳ್ಳಿಯನ್ನು ಉಳಿಸಿಕೊಳ್ಳಲು ನಿಂತವರು. ಆಡುವ ಹುಡುಗ ಮಾಡುವ ಕೆಲಸ ಬಹುಪಾಲು ಲೆಕ್ಕಾಚಾರ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಒಂದು ಮನೆಗೂ ಎರಡು ಸಲ ಹೋಗದಂತೆ ಎಲ್ಲ ಮನೆಗಳಲ್ಲೂ ನಡೆಸುವ ಬಗೆಯನ್ನು ಕಂಡುಕೊಂಡ ಊರು ನಿಮ್ಮದು. ಮನೆಯೊಳಗೆ ಕೂತು ತಲೆ ಓಡಿಸುವ ಆಟವನ್ನು ಅಲ್ಲಿ ಕೀಳಾಗಿ ಕಾಣಬೇಕಾಗಿಲ್ಲ.

ನಾನು ಗಂಭೀರವಾಗಿ ನೋಡುವುದು ಹೊತ್ತನ್ನು. ಇದು ಸರದಿಯ ಆಟ. ಯಾವ ಗಳಿಗೆಯಲ್ಲಾದರೂ ಉಳಿಸಿಟ್ಟು ಏಳಬಹುದು, ‘ಈಗ ನಿಲ್ಲಿಸಿದರೆ ಸೋಲುತ್ತೇನೆ’ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಅಧಿಕೃತ ತಾಣದಲ್ಲಿ ಕಂಪ್ಯೂಟರ್‌ಗೆ ಉಚಿತವಾಗಿ ಸಿಗುತ್ತದೆ, ಕಥಾಭಿಯಾನ ಆಡಲು ಇಂಟರ್‌ನೆಟ್ ಬೇಡ. ಅಪರಿಚಿತರೊಡನೆ ಆಡುವ ಆನ್‌ಲೈನ್ ಭಾಗವನ್ನು ಪರೀಕ್ಷೆ ಮುಗಿಯುವವರೆಗೆ ದೂರವಿಡಲು ಹೇಳಿ. ಒಂದು ಸಂಜೆ ಪಕ್ಕದಲ್ಲಿ ಕುಳಿತು, ಹಗಲಿನಲ್ಲಿ ಏಕೆ ಹಿಂದೆ ಸರಿಯುತ್ತಿದ್ದೀಯಾ ಎಂದು ಅವನನ್ನೇ ಕೇಳಿ. ವಿವರಿಸಲು ಬಂದರೆ ಆಟ ಅವನ ಹಿಡಿತದಲ್ಲಿದೆ.