ಓದಿ ನೋಡುವ ಗುಮಾಸ್ತ ಇರಲಿ

ಚಳ್ಳಕೆರೆಯ ಓದುಗರೊಬ್ಬರು ಕೇಳಿದ್ದಾರೆ: “ಒಂದು ದೇಶದ ಕೇಂದ್ರ ಬ್ಯಾಂಕು ಇನ್ನೊಂದು ದೇಶದ ಕೇಂದ್ರ ಬ್ಯಾಂಕಿನಲ್ಲಿ ಖಾತೆ ಇಡುವುದೇಕೆ? ಹಾಗೆ ಇಟ್ಟ ಬಾಂಗ್ಲಾದೇಶದ ದುಡ್ಡನ್ನು ಕಳ್ಳರು ಹೊಡೆದರಲ್ಲ! ಮನುಷ್ಯರನ್ನು ತೆಗೆದು ಎಲ್ಲ ಕಂಪ್ಯೂಟರಿಗೆ ಬಿಡಬಾರದೇ?”

ಸಂಪಾದಕರ ಉತ್ತರ: ಮೊದಲನೆಯದು ಸುಲಭ. ಡಾಲರ್ ಲೆಕ್ಕ ಕೊನೆಗೆ ಚುಕ್ತಾ ಆಗುವುದು ಅಮೆರಿಕದಲ್ಲೇ. ಅದಕ್ಕೇ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು ಹೊರದೇಶದ ಕೇಂದ್ರ ಬ್ಯಾಂಕುಗಳಿಗೆ ಖಾತೆ ಕೊಡುತ್ತದೆ, ಅವರ ಸಾಲಪತ್ರ, ಚಿನ್ನ ಕಾಯುತ್ತದೆ, ಹೇಳಿದವರಿಗೆ ಹಣ ಕೊಡುತ್ತದೆ. ನಮ್ಮ ಮೆಕ್ಕೆಜೋಳದ ವರ್ತಕರು ಪರಊರಿನ ಮಂಡಿಯಲ್ಲಿ ಲೆಕ್ಕ ಇಟ್ಟ ಹಾಗೆ.

ಎರಡನೆಯದೂ ತೀರಾ ತಪ್ಪಲ್ಲ. ನಮ್ಮಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ವ್ಯವಸ್ಥೆಗಳಾದ ನೆಫ್ಟ್ 2019ರಿಂದ, ಆರ್‌ಟಿಜಿಎಸ್ 2020ರಿಂದ ಹಗಲೂ ರಾತ್ರಿ ನಡೆಯುತ್ತಿವೆ. ಯಂತ್ರವಿಲ್ಲದೆ ಆಗುವ ಕೆಲಸವಲ್ಲ. ಆದರೆ ಸ್ವಾಮಿ, ಇಷ್ಟು ದುಂಡಗೆ ಕೈಬರಹದಲ್ಲಿ ಪತ್ರ ಬರೆಯುವ ನೀವೇ ಹೀಗೆನ್ನುವುದೇ? ನೀವು ಎತ್ತಿದ ಕಥೆಯನ್ನು ಕೊನೆವರೆಗೆ ಓದಿ.

2016ರ ಫೆಬ್ರವರಿ 4, ಗುರುವಾರ ರಾತ್ರಿ. ಅಲ್ಲಿನ ಕೇಂದ್ರ ಬ್ಯಾಂಕಾದ ಬಾಂಗ್ಲಾದೇಶ ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಿದವರು, ಬ್ಯಾಂಕುಗಳು ಪರಸ್ಪರ ಸಂದೇಶ ಕಳಿಸುವ ಸ್ವಿಫ್ಟ್ ಜಾಲದ ಮೂಲಕ ನ್ಯೂಯಾರ್ಕಿಗೆ 35 ಪಾವತಿ ಆದೇಶ ಕಳಿಸಿದರು. ಒಟ್ಟು ಸುಮಾರು 95 ಕೋಟಿ ಡಾಲರ್. ಢಾಕಾದಲ್ಲಿ ಸಂದೇಶ ಅಚ್ಚಾಗಬೇಕಿದ್ದ ಪ್ರಿಂಟರ್ ನಿಂತಿತ್ತು. ಮಾಮೂಲಿ ರಿಪೇರಿ ಅಂದುಕೊಂಡರು. ಶುಕ್ರವಾರ ಅಲ್ಲಿ ರಜೆ ಬೇರೆ. ಅವರು ಎಚ್ಚೆತ್ತಾಗ ನ್ಯೂಯಾರ್ಕಿಗೆ ವಾರದ ರಜೆ, ಸೋಮವಾರ ಫಿಲಿಪ್ಪೀನ್ಸಿನ ಮನಿಲಾದಲ್ಲಿ ಚೀನೀ ಹೊಸವರ್ಷದ ರಜೆ. 8.1 ಕೋಟಿ ಡಾಲರ್ ಮನಿಲಾ ಸೇರಿ, ಬಹುಪಾಲು ಕ್ಯಾಸಿನೊ ದಾರಿ ಹಿಡಿಯಿತು.

ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಉಳಿಯಿತು. ಹಣ ಪಡೆಯಬೇಕಿದ್ದ ಸಂಸ್ಥೆಯ ಹೆಸರಿನಲ್ಲಿ ಕಳ್ಳರು ‘ಫೌಂಡೇಶನ್’ ಅನ್ನು ‘ಫ್ಯಾಂಡೇಶನ್’ ಎಂದು ಬರೆದಿದ್ದರು. ಹಣ ದಾಟಿಸಲು ನಡುವೆ ಇದ್ದ ಜರ್ಮನಿಯ ಡಾಯ್ಚ ಬ್ಯಾಂಕಿನಲ್ಲಿ ಆ ತಪ್ಪು ಕಣ್ಣಿಗೆ ಬಿದ್ದು, ಇದೇನೆಂದು ಢಾಕಾವನ್ನು ಕೇಳಿದರು. ಕರಡು ತಿದ್ದಿಯೇ ತಲೆ ಹಣ್ಣಾದ ನನ್ನಂಥವನಿಗೆ ಇದಕ್ಕಿಂತ ಖುಷಿಯ ಸುದ್ದಿ ಬೇಕೇ?

ಇತ್ತ ನಮ್ಮೂರು ನೋಡಿ. ಮೊನ್ನೆ ದಾವಣಗೆರೆಯ ಒಂದು ಬ್ಯಾಂಕ್ ಶಾಖೆಗೆ ಹೋಗಿದ್ದೆ. ಪಾಸ್‌ಬುಕ್ ಯಂತ್ರದ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ. ಚೀಟಿಯೇ ಹಳದಿಯಾಗಿ ಅಂಚು ಸುರುಳಿ ಸುತ್ತಿದೆ. ಮೊಬೈಲಿನಲ್ಲಿ ನೋಡ್ಕೊಳ್ರಿ ಅಂದರು. ಜಗಳೂರು ಕಡೆಯ ಅಜ್ಜಿಯೊಬ್ಬರು ಪಿಂಚಣಿ ಬಂತೋ ಇಲ್ಲವೋ ತಿಳಿಯದೆ ಪಾಸ್‌ಬುಕ್ಕನ್ನು ಸೆರಗಿಗೆ ಸುತ್ತಿಕೊಂಡು ಎದ್ದರು. ಹಿಂದೆ ಮಂಡಿಯ ಗುಮಾಸ್ತರು ರೋಜುಕಿರ್ದಿ ತಾಳೆಯಾಗದೆ ಮನೆಗೆ ಹೋಗುತ್ತಿರಲಿಲ್ಲ, ಎಂಟಾಣೆ ವ್ಯತ್ಯಾಸಕ್ಕೂ ರಾತ್ರಿ ಕೂರುತ್ತಿದ್ದರು. ಈಗ ಆ ಸಂಬಳ ಉಳಿಸುವುದಕ್ಕೇ ಸುಧಾರಣೆ ಎಂದು ಹೆಸರು.

ಪತ್ರಿಕೆಯವರೇನು ಕಮ್ಮಿಯೇ? ಖರ್ಚು ಕಡಿತ ಅಂದಕೂಡಲೇ ಮೊದಲು ಮನೆಗೆ ಹೋಗುವವನು ಕರಡು ತಿದ್ದುವವನು. ನಮ್ಮ ಕಚೇರಿಯಲ್ಲಿ ಆ ಕುರ್ಚಿಯನ್ನು ನಾನಿರುವವರೆಗೆ ಯಾರೂ ಎತ್ತುವಂತಿಲ್ಲ, ಮಾಲೀಕರಿಗೂ ಹೇಳಿದ್ದೇನೆ.