ಜನ ಹೆಚ್ತಾ ಇದಾರೆ, ನೀರು ಲೋಹ ಎಲ್ಲಾ ಕಮ್ಮಿ ಆಗ್ತಿದೆ, 20 ವರ್ಷಕ್ಕೆ ರಿಸೋರ್ಸ್ ಫಂಡಲ್ಲಿ ದುಡ್ಡು ಹಾಕ್ಲಾ?

ಇದೇ ಲೆಕ್ಕ ಹಾಕ್ಕೊಂಡು ಕೈ ಸುಟ್ಕೊಂಡೋನು ನಾನು. 2008 ಜನವರಿ, ಮೈಸೂರಲ್ಲಿ ಕೆಲ್ಸ, ತಂಗಿ ಮದ್ವೆಗೆ ಅಂತ ಕೂಡಿಟ್ಟಿದ್ದ ಎರಡು ಲಕ್ಷ ಕೈಲಿತ್ತು. ಇಂಡಿಯಾ ಚೀನಾದಲ್ಲಿ ಇಷ್ಟು ಜನ, ಎಲ್ರಿಗೂ ಮನೆ ಬೇಕು ಕರೆಂಟ್ ಬೇಕು ಕಬ್ಬಿಣ ಬೇಕು, ಭೂಮಿ ಏನು ಬೆಳೆಯುತ್ತಾ ಅಂತ ಏಜೆಂಟ್ ಹೇಳಿದ್ದು ತಲೆಗೆ ಹತ್ಬುಡ್ತು, ಅಷ್ಟನ್ನೂ ಒಂದೇ ಸಲ ಒಂದು ಥೀಮ್ ಫಂಡಿಗೆ ಸುರಿದ್ಬುಟ್ಟೆ. ಥೀಮ್ ಫಂಡ್ ಅಂದ್ರೆ ಒಂದೇ ವಿಷಯದ ಕಂಪ್ನಿಗಳ ಶೇರು ಕೊಳ್ಳೋ ಫಂಡು, ನೀವು ಕೇಳ್ತಿರೋ ರಿಸೋರ್ಸ್ ಫಂಡೂ ಅಂಥದ್ದೇ. ಸೆನ್ಸೆಕ್ಸ್ ಆಗ 21,000 ಮುಟ್ಟಿತ್ತು, ಅಕ್ಟೋಬರ್‌ಗೆ 8,000ಕ್ಕಿಂತ ಕೆಳಗೆ. ಕಚ್ಚಾ ತೈಲ ಜುಲೈನಲ್ಲಿ ಬ್ಯಾರಲ್‌ಗೆ 147 ಡಾಲರ್ ಇದ್ದಿದ್ದು ಡಿಸೆಂಬರ್‌ಗೆ 40ಕ್ಕಿಂತ ಕಮ್ಮಿ. ಆ ಐದು ತಿಂಗ್ಳಲ್ಲಿ ಜನ ಏನೂ ಕಮ್ಮಿ ಆಗಿರ್ಲಿಲ್ಲ ನೋಡಿ!

ಕಥೆ ನಿಜಾನಾ ಅಂತಷ್ಟೇ ನೋಡ್ದೆ, ರೇಟ್ ಆಗ್ಲೇ ಏರ್ಬಿಟ್ಟಿದೆಯಾ ಅಂತ ನೋಡ್ಲಿಲ್ಲ, ತಪ್ಪಾಗಿದ್ದು ಅಲ್ಲೇ. ಕಥೆ ನಿಜಾನೇ, ಆದ್ರೆ ಅದು ನನ್ ಕಿವಿಗೆ ಬೀಳೋ ಹೊತ್ಗೆ ಊರಿಗೆಲ್ಲ ಗೊತ್ತಾಗಿ ರೇಟಲ್ಲಿ ಸೇರ್ಕೊಂಡಿತ್ತು. ಮಂಡ್ಯದೋನಾಗಿ ಇದು ನಂಗೆ ಹೊಳೀಬೇಕಿತ್ತು ಕಣ್ರೀ. ಬೆಲ್ಲಕ್ಕೆ ರೇಟ್ ಬಂತು ಅಂದ್ರೆ ಊರೆಲ್ಲ ಕಬ್ಬು ನೆಡ್ತಾರೆ, ವರ್ಷ ಬಿಟ್ಟು ಎಲ್ಲಾರ ಕಬ್ಬೂ ಒಟ್ಗೆ ಆಲೆಮನೆಗೆ ಬರುತ್ತೆ, ಕೊಪ್ಪರಿಗೆ ಇಳ್ಸಿ ಅಚ್ಚಿಗೆ ಹುಯ್ಯೋಷ್ಟ್ರಲ್ಲಿ ರೇಟ್ ಬಿದ್ದಿರುತ್ತೆ. ಬೆಲ್ಲ ತಿನ್ನೋರು ಇದ್ದಷ್ಟೇ ಇದಾರೆ, ಬೆಳ್ದೋನಿಗೆ ಮಾತ್ರ ಏನೂ ಗಿಟ್ಟಲ್ಲ. ಗಣಿನೂ ಹಂಗೇ, ತಾಮ್ರ ದುಬಾರಿ ಆದ್ರೆ ಇನ್ನೊಂದು ಗಣಿ ತೋಡ್ತಾರೆ, ಇಲ್ಲಾಂದ್ರೆ ಅಲ್ಯೂಮಿನಿಯಂ ವೈರ್ ಎಳೀತಾರೆ. ಸ್ಟೇಟ್‌ಮೆಂಟ್ ನೋಡಿ ನಮ್ಮಪ್ಪ "ರೇಟ್ ನೋಡಿ ಕಬ್ಬು ನೆಟ್ಟಂಗ್ ಮಾಡಿದ್ದೀಯಲ್ಲ ಮಗ" ಅಂತ ಒಂದೇ ಮಾತು ಅಂದಿದ್ದು.

ದೇಶ ಬೆಳೆದ್ರೆ ಶೇರೂ ಬೆಳೆಯುತ್ತೆ ಅಂತಾನೂ ಅಂದ್ಕೋಬೇಡಿ. ಶಾಂಘೈ ಸೂಚ್ಯಂಕ 2007 ಅಕ್ಟೋಬರ್‌ನಲ್ಲಿ 6,100 ದಾಟಿತ್ತು, 2024 ಮುಗಿಯೋವಾಗ 3,400ರ ಒಳಗೇ. ಅಷ್ಟ್ರಲ್ಲಿ ಚೀನಾದ ಜಿಡಿಪಿ ಡಾಲರ್ ಲೆಕ್ಕದಲ್ಲಿ ನಾಲ್ಕು ಪಟ್ಟಿಗೂ ಮೇಲೆ ಆಗಿತ್ತು.

ಜನ ಹೆಚ್ತಾನೇ ಇರ್ತಾರೆ ಅನ್ನೋದೂ ಹಳೇ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಒಬ್ಬ ಹೆಂಗ್ಸಿಗೆ ಸರಾಸರಿ ದೇಶದಲ್ಲಿ 2.0 ಮಕ್ಳು, ಕರ್ನಾಟಕದಲ್ಲಿ 1.7. ನಮ್ಮೂರ ಶಾಲೇಲಿ ಈಗ ಇರೋದು ಹನ್ನೊಂದು ಮಕ್ಳು. ಇನ್ನು ನೀರು, 2023ರಲ್ಲಿ ಕೆಆರ್‌ಎಸ್ ತುಂಬ್ದೆ ನಾವೇ ರಸ್ತೇಲಿ ಕೂತಿದ್ವಿ, ಆ ಕೊರತೆಯಿಂದ ಯಾವ ಶೇರುದಾರ ದುಡ್ಡು ಮಾಡ್ದ? ನೀರು ಎಷ್ಟು ಬಿಡ್ಬೇಕು ಅಂತ ಹೇಳೋದು ಕಾವೇರಿ ಪ್ರಾಧಿಕಾರ, ಕೋರ್ಟು.

ಥೀಮ್ ಫಂಡ್ ಬೇಡ್ವೇ ಬೇಡ. ಸೆನ್ಸೆಕ್ಸ್‌ನಂಥ ಸೂಚ್ಯಂಕದಲ್ಲಿರೋ ಶೇರನ್ನೆಲ್ಲಾ ಕೊಳ್ಳೋ ಇಂಡೆಕ್ಸ್ ಫಂಡಲ್ಲಿ ತಿಂಗ್ಳಾ ತಿಂಗ್ಳಾ ಎಸ್‌ಐಪಿ, ಅಂದ್ರೆ ಇಷ್ಟು ಅಂತ ಕಂತು, ಹಾಕಿ, ಮದ್ವೆ ದುಡ್ಡಿದ್ರೆ ಎಫ್‌ಡಿಲಿ ಇಡಿ. 2009 ಫೆಬ್ರವರೀಲಿ ನಾನು ತೆಗ್ದಾಗ ಬಂದಿದ್ದು ಎಪ್ಪತ್ತು ಸಾವಿರ, ಮಿಕ್ಕಿದ್ದಕ್ಕೆ ಅಮ್ಮನ ಬಳೆ ಅಡ ಇಟ್ವಿ.