ಪಟ್ಟೆತಲೆ ಹೆಬ್ಬಾತಿಗೆ ಹಿಮಾಲಯದಲ್ಲಿ ಉಸಿರು ಕಟ್ಟಲ್ವಾ?

ನಮಸ್ಕಾರ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟುವಾಗ, ಪರ್ವತಾರೋಹಿಗಳ ಹಾಗೆ ಅಲ್ಲಲ್ಲಿ ತಂಗಿ ಎತ್ತರಕ್ಕೆ ಒಗ್ಗಿಕೊಳ್ಳುತ್ತವೆಯೇ ಎಂದು ಕೇಳಿದ್ದೀರಿ. ಇಲ್ಲ, ಅವಕ್ಕೆ ಅದು ಬೇಕಿಲ್ಲ. ತಪ್ಪಲಿನಿಂದ ಹೊರಟರೆ ಏಳೆಂಟು ಗಂಟೆಯಲ್ಲೇ ಮೇಲೇರಿಬಿಡುತ್ತವೆ.

ಗುಟ್ಟು ಇರುವುದು ರಕ್ತದಲ್ಲಿ. 5,500 ಮೀಟರ್ ಎತ್ತರದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ. ಈ ಹಕ್ಕಿಯ ಹಿಮೋಗ್ಲೋಬಿನ್ ಅಂಥ ಗಾಳಿಯಿಂದಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಶ್ವಾಸಕೋಶ ದೊಡ್ಡದು, ಉಸಿರು ಆಳ. ರೆಕ್ಕೆ ಬಡಿಯುವ ಎದೆಯ ಸ್ನಾಯುವಿನಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳೂ ಜಾಸ್ತಿ.

ಆದರೆ ಎವರೆಸ್ಟ್ ಶಿಖರದ ಮೇಲೇ ಹಾರುತ್ತವೆ ಅನ್ನೋ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಕ್ಕಿಗಳಿಗೆ ಉಪಕರಣ ಕಟ್ಟಿ ಅಳೆದಾಗ ಸಿಕ್ಕಿದ್ದು ಹೆಚ್ಚೆಂದರೆ ಸುಮಾರು 7,290 ಮೀಟರ್. ಬಹುಪಾಲು ಹಾರಾಟ ಅದಕ್ಕಿಂತ ತುಂಬಾ ಕೆಳಗೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇನ್ನೊಂದು ಮಜಾ ಸಂಗತಿ ಇದೆ. ಬೆಟ್ಟ ಬಂದರೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ, ಮತ್ತೆ ಏರುತ್ತವೆ. ಕಷ್ಟಪಟ್ಟು ಏರಿದ್ದನ್ನು ಸುಮ್ನೆ ಕಳೆದುಕೊಂಡ ಹಾಗೆ ಅನ್ನಿಸುತ್ತೆ ಅಲ್ವಾ? ಲೆಕ್ಕ ಉಲ್ಟಾ. ಮೇಲೆ ಗಾಳಿ ತೆಳು, ಅಲ್ಲೇ ಉಳಿದರೆ ರೆಕ್ಕೆ ಬಡಿದೂ ಬಡಿದೂ ಸುಸ್ತು. ಕೆಳಗಿನ ದಟ್ಟ ಗಾಳಿಯಲ್ಲಿ ಶಕ್ತಿ ಕಡಿಮೆ ಸಾಕು. ರಾತ್ರಿ, ನಸುಕಿನಲ್ಲಿ ಹೆಚ್ಚಾಗಿ ದಾಟುವುದಕ್ಕೂ ಇದೇ ಕಾರಣ ಇರಬಹುದು: ತಣ್ಣನೆಯ ಗಾಳಿ ದಟ್ಟ.

ಜನವರಿಯಲ್ಲಿ ಮಾಗಡಿಗೆ ಹೋದರೆ ಬೆಳಿಗ್ಗೆ ಬೇಗ ಹೋಗಿ. ಹೊಲಗಳಲ್ಲಿ ಮೇಯ್ದು ಕೆರೆಗೆ ವಾಪಸ್ ಇಳಿಯುವುದನ್ನು ನೋಡಬಹುದು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಕಂಡರೆ ಅದೇ ಹಕ್ಕಿ.